ಹಾರ್ಡ್‌ವೇರ್ ಅಂಗಡಿಗೊಂದು ಹಾರ್ಡ್‌ವೇರ್

ಶಿವಾಜಿನಗರದಲ್ಲಿ ‘ಹಾರ್ಡ್‌ವೇರ್’ ಎಂಬ ಬೋರ್ಡು ಕಂಡು, ಗಣಕಯಂತ್ರದ ಅಂಗಡಿಯಿರಬೇಕೆಂದು ಒಳಹೊಕ್ಕವರು ಪೆಚ್ಚಾಗಿ ಹೊರಬರುತ್ತಾರೆ. ಅಲ್ಲಿ ಸಿಗುವುದು ಮೊಳೆ, ತಿರುಪು, ಚಿಲಕ, ನಲ್ಲಿ, ಜಿ.ಐ. ಪೈಪು, ಸರಪಳಿ, ಬಣ್ಣದ ಡಬ್ಬ. ಗಣಕದ ಹಾರ್ಡ್‌ವೇರ್ ಬೇಕೆಂದರೆ ಪೇಟೆಯ ಕಡೆಗೆ, ಎಸ್.ಪಿ. ರಸ್ತೆಗೆ ಹೋಗಬೇಕು. ದಂಡಿನ ಜನರಿಗೆ ಪೇಟೆಯೆಂದರೆ ಇಂದಿಗೂ ಸ್ವಲ್ಪ ದೂರದ ಊರೇ. 1809ರಲ್ಲಿ ಬ್ರಿಟಿಷರ ಸೇನೆ ನೆಲೆಯೂರಿದ ಮೇಲೆ ಬೆಳೆದ ದಂಡು, ಕೆಂಪೇಗೌಡರ ಕಾಲದ ಪೇಟೆ ಎರಡೂ ಒಂದೇ ಕಾರ್ಪೊರೇಷನ್ನಿನ ಆಡಳಿತಕ್ಕೆ ಬಂದದ್ದು 1949ರಲ್ಲಿ. ಕಾಗದದ ಮೇಲೆ ಸೇರಿದ್ದು ಜನರ ಮಾತಿನಲ್ಲಿ ಇನ್ನೂ ಪೂರ್ತಿ ಸೇರಿಲ್ಲ.

ರಸೆಲ್ ಮಾರುಕಟ್ಟೆಗೆ ಕೂಗಳತೆಯ ದೂರದಲ್ಲಿ ಇಂಥದೊಂದು ಹಾರ್ಡ್‌ವೇರ್ ಅಂಗಡಿ. ಕನ್ನಡ, ಉರ್ದು, ತಮಿಳು ಮೂರನ್ನೂ ಒಂದೇ ವಾಕ್ಯದಲ್ಲಿ ಬೆರೆಸಿ ಚೌಕಾಸಿ ಮಾಡುವ ಗಿರಾಕಿಗಳು. ಗಲ್ಲಾದ ಹಿಂದೆ ಅರವತ್ತರ ಆಸುಪಾಸಿನ ಯಜಮಾನರು. ತಂದೆಯ ಕಾಲದಿಂದ ಬಂದ ವ್ಯಾಪಾರ. ಇಂದಿರಾನಗರದ ಸಿ.ಎಂ.ಎಚ್. ರಸ್ತೆಯ ಪಕ್ಕದಲ್ಲಿ ಮಗಳು ನಡೆಸುವ ನಲ್ಲಿ–ಟೈಲ್ಸ್ ಶೋರೂಮ್, ಕೆ.ಆರ್. ಪುರದ ಹತ್ತಿರ ಒಂದು ಗೋದಾಮು, ಇವೂ ಇದೇ ವ್ಯಾಪಾರದ ಕವಲುಗಳು. ಲೆಕ್ಕ ನೋಡಿಕೊಳ್ಳುವ ಮೇಡಂ ಹಲಸೂರಿನವರು.

ಒಂದು ಫೆಬ್ರುವರಿಯ ಸೋಮವಾರ ಬೆಳಿಗ್ಗೆ ಅಂಗಡಿಯ ಏಳು ವರ್ಷದ ಗಣಕ ‘ಟಕ್ ಟಕ್’ ಎಂದು ಸದ್ದು ಮಾಡಿ ಸುಮ್ಮನಾಯಿತು. ಹಾರ್ಡ್‌ಡಿಸ್ಕ್ ಸತ್ತಿತ್ತು. ಪೆನ್‌ಡ್ರೈವಿಗೆ ಕೊನೆಯ ಸಲ ಲೆಕ್ಕವನ್ನು ನಕಲಿಸಿದ್ದು ದೀಪಾವಳಿಯ ಹೊತ್ತಿಗೆ. ನಡುವಿನ ಮೂರೂ ಚಿಲ್ಲರೆ ತಿಂಗಳ ಲೆಕ್ಕ ಎಲ್ಲಿಯೂ ಇಲ್ಲ.

ಮಾರಿದ ಸರಕಿನ ಲೆಕ್ಕ ಹೇಗೋ ಸಿಕ್ಕಿತು. ಅಂಗಡಿಯಲ್ಲಿ ಇನ್ನೂ ಡಾಟ್ ಮ್ಯಾಟ್ರಿಕ್ಸ್ ಮುದ್ರಕವಿತ್ತು. ಅದು ಕಾರ್ಬನ್ ಪ್ರತಿಯ ಮೇಲೆ ಕುಟ್ಟಿದ ಬಿಲ್ಲುಗಳನ್ನು ಹಳದಿ ಕಾಗದದ ಕಟ್ಟುಗಳಲ್ಲಿ ಸೇರಿಸಿಟ್ಟಿದ್ದರು. ಮೇಡಂ ಆರು ವಾರ ಕುಳಿತು ಒಂದೊಂದನ್ನೂ ಮತ್ತೆ ಬರೆದರು. ಖರೀದಿಯ ಬಿಲ್ಲುಗಳು ಸಗಟು ವ್ಯಾಪಾರಿಗಳಲ್ಲಿ ಇದ್ದವು, ಬ್ಯಾಂಕಿನ ವ್ಯವಹಾರ ಬ್ಯಾಂಕಿನಲ್ಲಿ ಇತ್ತು. ಸಿಗದೆ ಹೋದದ್ದು ಉದ್ರಿಯ ವಸೂಲಿ. ಗಾರೆ ಮೇಸ್ತ್ರಿಗಳು, ಪ್ಲಂಬರುಗಳು, ಸಣ್ಣ ಗುತ್ತಿಗೆದಾರರು ಸಂಜೆ ಬಂದು ನಗದಾಗಿ ಕೊಟ್ಟುಹೋದ ಐನೂರು, ಸಾವಿರ. ಯಾರು ಎಷ್ಟು ಕೊಟ್ಟರು, ಇನ್ನೆಷ್ಟು ಬಾಕಿ? ಯಜಮಾನರು ಒಬ್ಬೊಬ್ಬರನ್ನೇ ಕೇಳಬೇಕಾಯಿತು. ಕೆಲವರು ತಾವಾಗಿಯೇ ಬಂದು ಹೇಳಿದರು. ಕೆಲವರು ಆ ಬೀದಿಗೇ ಬರುವುದನ್ನು ಬಿಟ್ಟರು. ಇಂಥ ಅಂಗಡಿಗಳಲ್ಲಿ ಬಂಡವಾಳದ ಎಷ್ಟೋ ಪಾಲು ಕಪಾಟಿನಲ್ಲಿರುವುದಿಲ್ಲ, ಊರಿನವರ ಜೇಬಿನಲ್ಲಿರುತ್ತದೆ. ಅದಕ್ಕಿರುವ ಒಂದೇ ಸಾಕ್ಷಿ ಖಾತೆ.

ಈ ಖಾತೆ ಬರೆಯುವ ಸಾಮಗ್ರಿಗೆ ನಮ್ಮ ನಾಡಿನಲ್ಲಿ ಹಳೆಯ ಇತಿಹಾಸವಿದೆ. ಇಂದು ಕಚೇರಿಯ ಫೈಲಿಗೆ ‘ಕಡತ’ ಎನ್ನುತ್ತೇವಲ್ಲ, ಅದು ಮೂಲದಲ್ಲಿ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು ಕಪ್ಪಾಗಿಸಿದ ಬಟ್ಟೆ. ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಿಂದ ಲೆಕ್ಕ ಬರೆಯುತ್ತಿದ್ದರು. ಶೃಂಗೇರಿ ಮಠದ ಕಡತಗಳು ಪ್ರಸಿದ್ಧ. ಬೇಡವಾದಾಗ ಅಳಿಸಿ ಮತ್ತೆ ಬರೆಯುವ ಅನುಕೂಲ ಅದರಲ್ಲಿತ್ತು. ಇಂದಿನ ಕಾನೂನು ಅದಕ್ಕೆ ತದ್ವಿರುದ್ಧ. ಕಂಪೆನಿ ಕಾಯ್ದೆಯಡಿ ನೋಂದಾಯಿತವಾದ ಸಂಸ್ಥೆಗಳು 2023ರ ಏಪ್ರಿಲ್ 1ರಿಂದ, ಲೆಕ್ಕದಲ್ಲಾದ ಪ್ರತಿಯೊಂದು ತಿದ್ದುಪಡಿಯ ಗುರುತನ್ನೂ ಉಳಿಸುವ ತಂತ್ರಾಂಶವನ್ನೇ ಬಳಸಬೇಕು. ಜಿ.ಎಸ್.ಟಿ. ಕಾಯ್ದೆಯಂತೆ ಲೆಕ್ಕಪತ್ರಗಳನ್ನು ಆ ವರ್ಷದ ವಾರ್ಷಿಕ ರಿಟರ್ನಿನ ಗಡುವಿನಿಂದ 72 ತಿಂಗಳು ಕಾಪಾಡಬೇಕು. ಆರು ವರ್ಷ! ಗಣಕವೊಂದು ಅಷ್ಟು ಕಾಲ ಬಾಳಿದರೆ ಅದೇ ಪುಣ್ಯ.

ಹಾಗಾದರೆ ಹೊಸ ಯಂತ್ರ ಯಾವುದಿರಬೇಕು? ರಿಪೇರಿಗೆ ಬರುವ ಹುಡುಗನಲ್ಲಿ ಉತ್ತರ ಸಿದ್ಧವಿತ್ತು. “ಐ-ಸೆವೆನ್ ಹಾಕ್ಸಿಬಿಡಿ ಅಂಕಲ್, ರಾಕೆಟ್ ಥರ ಓಡುತ್ತೆ.” ಮೇಡಂ ಒಪ್ಪಲಿಲ್ಲ. “ಯಂತ್ರ ಆಮೇಲೆ ನೋಡೋಣ ಸರ್. ಮೊದಲು ಅದು ಕೂರೋ ಜಾಗ ನೋಡೋಣ.”

ಅಂಗಡಿಯನ್ನು ಕೆಲಸದ ಹುಡುಗರಿಗೆ ಒಪ್ಪಿಸಿ, ಒಂದು ದಿನ ಮೂವರೂ ಹೊರಟರು. ಮೊದಲ ಪರೀಕ್ಷೆ ಶಿವಾಜಿನಗರದ ಅಂಗಡಿಯಲ್ಲೇ ನಡೆಯಿತು. ಹುಡುಗ ಚೀಲದಿಂದ ಮಲ್ಟಿಮೀಟರ್ ತೆಗೆದು ಗೋಡೆಯ ಸಾಕೆಟ್ಟಿಗೆ ಚುಚ್ಚಿದ. ಫೇಸ್, ನ್ಯೂಟ್ರಲ್ ನಡುವೆ 230 ವೋಲ್ಟಿನ ಆಸುಪಾಸು, ಸರಿ. ನ್ಯೂಟ್ರಲ್, ಅರ್ತ್ ನಡುವೆ ಎರಡು ಮೂರು ವೋಲ್ಟ್ ಮೀರಬಾರದು. ಮೀಟರು 38 ತೋರಿಸಿತು. ಸಾಕೆಟ್ಟನ್ನು ಬಿಚ್ಚಿ ನೋಡಿದರೆ ಮೂರನೆಯ ತೂತಿಗೆ ತಂತಿಯೇ ಇರಲಿಲ್ಲ. ಹಳೆಯ ಕಟ್ಟಡಗಳಲ್ಲಿ ಇದು ಅಪರೂಪವಲ್ಲ. ಗಣಕದ ಪೆಟ್ಟಿಗೆಗೆ ಕೈ ತಾಗಿದಾಗ ‘ಜುಮ್’ ಎನ್ನುವುದಕ್ಕೆ ಇದೇ ಕಾರಣ. ಒಳಗಿನ ವಿದ್ಯುತ್ ಘಟಕದಲ್ಲಿ ಗದ್ದಲವನ್ನು ಸೋಸುವ ಪುಟ್ಟ ಕೆಪಾಸಿಟರುಗಳಿವೆ. ಅವುಗಳ ಮೂಲಕ ಹರಿಯುವ ಅತ್ಯಲ್ಪ ವಿದ್ಯುತ್ತು ಭೂಮಿಗೆ ಇಳಿಯಬೇಕು, ದಾರಿಯಿಲ್ಲದಿದ್ದರೆ ಪೆಟ್ಟಿಗೆಯಲ್ಲೇ ನಿಲ್ಲುತ್ತದೆ. ಏಳು ವರ್ಷ ಆ ಯಂತ್ರ ಹೀಗೆ ತೂಗಾಡುತ್ತಲೇ ಇತ್ತು. ಹೊಸ ಅರ್ತ್ ಗುಂಡಿ, ತಾಮ್ರದ ತಂತಿ ಎಂದು ಖರ್ಚಿನ ಪಟ್ಟಿಯ ಮೊದಲ ಸಾಲು ಬರೆಯಲಾಯಿತು. ಅದು ಯಾವ ಗಣಕದ ಅಂಗಡಿಯಲ್ಲೂ ಸಿಗುವ ಸರಕಲ್ಲ. ಯಜಮಾನರ ಸ್ವಂತ ಅಂಗಡಿಯಲ್ಲೇ ಸಿಗುವಂಥದು!

ಹೊರಗೆ ಬಂದರೆ ಎದುರಿಗೆ ಇನ್ನೊಂದು ಪಾಠ. 1927ರಲ್ಲಿ ಕಟ್ಟಿದ ರಸೆಲ್ ಮಾರುಕಟ್ಟೆಯಲ್ಲಿ 2012ರ ಫೆಬ್ರುವರಿಯ ಒಂದು ಬೆಳಗಿನ ಜಾವ ಬೆಂಕಿ ಬಿದ್ದು ನೂರಕ್ಕೂ ಹೆಚ್ಚು ಮಳಿಗೆಗಳು ಸುಟ್ಟುಹೋದವು. ಲೆಕ್ಕದ ನಕಲನ್ನು ಅದೇ ಮೇಜಿನ ಖಾನೆಯಲ್ಲಿ ಇಟ್ಟರೆ ಏನು ಬಂತು? ಎರಡು ಪೆನ್‌ಡ್ರೈವ್ ಇರಲಿ, ದಿನ ಬಿಟ್ಟು ದಿನ ಒಂದೊಂದು, ಅದರಲ್ಲೊಂದು ಯಾವಾಗಲೂ ಈ ಬೀದಿಯ ಹೊರಗಿರಲಿ ಎಂಬ ನಿರ್ಧಾರ ಬೀದಿಯಲ್ಲೇ ಆಯಿತು.

ಆಟೊದಲ್ಲಿ ಹಲಸೂರಿಗೆ ಹತ್ತೇ ನಿಮಿಷ. ಸೋಮೇಶ್ವರ ದೇವಾಲಯದ ಗೋಪುರ ದಾಟಿ ಬಜಾರಿನ ಸಂದಿಗೆ ಹೊರಳಿದರೆ, ಮೇಡಂ ಕೆಲಸ ಮಾಡುವ ಮಹಡಿ ಕೋಣೆ. ಬೇರೆ ಮೂರು ಅಂಗಡಿಗಳ ಲೆಕ್ಕವನ್ನೂ ಅವರು ಇಲ್ಲೇ ಬರೆಯುತ್ತಾರೆ. ಡಾಸ್ ಕಾಲದಿಂದ ಟ್ಯಾಲಿ ಬಲ್ಲವರು. ಬೆಂಗಳೂರಿನ ವ್ಯಾಪಾರಿಗೆ ಲೆಕ್ಕದ ತಂತ್ರಾಂಶ ಎಂದರೆ ಬಹುಮಟ್ಟಿಗೆ ಟ್ಯಾಲಿಯೇ, ಅದು ಹುಟ್ಟಿದ್ದೂ ಇದೇ ಊರಿನಲ್ಲಿ. ಗಿರಣಿಗಳಿಗೆ ಕಚ್ಚಾವಸ್ತು, ಬಿಡಿಭಾಗ ಪೂರೈಸುತ್ತಿದ್ದ ಶ್ಯಾಮಸುಂದರ್ ಗೋಯೆಂಕಾ ತಮ್ಮ ವ್ಯಾಪಾರಕ್ಕೆ ಒಗ್ಗುವ ತಂತ್ರಾಂಶ ಸಿಗದೆ, ಗಣಿತ ಓದಿದ ಮಗ ಭರತ್ ಗೋಯೆಂಕಾಗೆ ಹೇಳಿ ಬರೆಸಿದರು. 1986ರಲ್ಲಿ ಕಂಪೆನಿ ಹುಟ್ಟಿದಾಗ ಹೆಸರು ಪ್ಯೂಟ್ರಾನಿಕ್ಸ್, 1999ರಲ್ಲಿ ಅದು ಟ್ಯಾಲಿ ಸೊಲ್ಯೂಷನ್ಸ್ ಆಯಿತು. ಭರತ್ ಗೋಯೆಂಕಾ ಅವರಿಗೆ 2020ರಲ್ಲಿ ಪದ್ಮಶ್ರೀ ಬಂತು. ವ್ಯಾಪಾರಿಯೇ ಮಾಡಿಸಿದ್ದರಿಂದಲೋ ಏನೋ, ಅದು ಯಂತ್ರದಿಂದ ಹೆಚ್ಚೇನೂ ಬೇಡಲಿಲ್ಲ. ಡಾಸ್ ಕಾಲದ ಪಿ.ಸಿ.ಯಲ್ಲಿ ತಂತ್ರಾಂಶಗಳಿಗೆ ದಕ್ಕುತ್ತಿದ್ದ ಸ್ಮೃತಿ 640 ಕಿಲೋಬೈಟ್. 2020ರಲ್ಲಿ ಬಂದ ಟ್ಯಾಲಿಪ್ರೈಮ್‌ಗೆ ಕಂಪೆನಿ ಕೇಳಿದ್ದು 4 ಜಿ.ಬಿ., ಎಂದರೆ ಆರೂವರೆ ಸಾವಿರ ಪಟ್ಟು. ಆದರೂ ಇಂದಿನ ಲೆಕ್ಕದಲ್ಲಿ ಅದು ಬಡವರ ಯಂತ್ರವೇ. ತಂತ್ರಾಂಶವನ್ನು ಕೂರಿಸಲು ಡಿಸ್ಕಿನಲ್ಲಿ 150 ಎಂ.ಬಿ. ಜಾಗ ಸಾಕು, ಖಾತೆಗಳ ಜಾಗ ಬೇರೆ. ಆಟಕ್ಕೆ, ಸಿನಿಮಾ ಸಂಕಲನಕ್ಕೆ ಬೇಕಾದ ಗ್ರಾಫಿಕ್ಸ್ ಕಾರ್ಡಿಗೆ ಇಲ್ಲಿ ಕೆಲಸವೇ ಇಲ್ಲ.

ಲೆಕ್ಕದ ತಂತ್ರಾಂಶ ಕೂಡುವುದು ಕಡಿಮೆ, ಹುಡುಕುವುದು ಹೆಚ್ಚು. ಒಬ್ಬ ಗಿರಾಕಿಯ ಬಾಕಿ ಕೇಳಿದರೆ ವರ್ಷದ ಸಾವಿರಾರು ಚೀಟಿಗಳಲ್ಲಿ ಚದುರಿರುವುದನ್ನು ಹೆಕ್ಕಬೇಕು. ಹಳೆಯ ಹಾರ್ಡ್‌ಡಿಸ್ಕಿನ ತಟ್ಟೆ ನಿಮಿಷಕ್ಕೆ 7200 ಸುತ್ತು ತಿರುಗುತ್ತದೆ. ಒಂದು ಸುತ್ತಿಗೆ 8.3 ಮಿಲಿಸೆಕೆಂಡ್, ಬೇಕಾದ ಜಾಗ ಎದುರಿಗೆ ಬರಲು ಸರಾಸರಿ ಅರ್ಧ ಸುತ್ತು. ಓದುವ ಮುಳ್ಳು ಸರಿದು ನಿಲ್ಲಲು ಇನ್ನೂ ಎಂಟೊಂಬತ್ತು. ಅಲ್ಲಿಗೆ ಸೆಕೆಂಡಿಗೆ ಸುಮಾರು ಎಂಬತ್ತು ಕಡೆ ಮಾತ್ರ ಹುಡುಕಬಲ್ಲದು. ತಿರುಗುವ ಭಾಗವೇ ಇಲ್ಲದ ಎಸ್.ಎಸ್.ಡಿ. ಸಾವಿರಾರು ಕಡೆ ಹುಡುಕಬಲ್ಲದು. ಪ್ರೊಸೆಸರ್ ಎಷ್ಟೇ ಚುರುಕಾಗಿದ್ದರೂ ತಟ್ಟೆ ತಿರುಗುವವರೆಗೆ ಅದು ಕೈಕಟ್ಟಿ ನಿಂತಿರಬೇಕು. ಐ-ಸೆವೆನ್ನಿನ ದುಡ್ಡಿನಲ್ಲಿ ಐ-ತ್ರೀ, 8 ಜಿ.ಬಿ. ಸ್ಮೃತಿ, ಒಳ್ಳೆಯ ಎಸ್.ಎಸ್.ಡಿ. ಮೂರೂ ಬಂದು ಚಿಲ್ಲರೆ ಉಳಿಯುತ್ತದೆ. ಒಂದು ಎಚ್ಚರಿಕೆ: ಹಾರ್ಡ್‌ಡಿಸ್ಕ್ ಸಾಯುವ ಮುನ್ನ ಎಷ್ಟೋ ಸಲ ಟಕ್ ಟಕ್ ಎಂದಾದರೂ ಹೇಳುತ್ತದೆ. ಎಸ್.ಎಸ್.ಡಿ. ಸದ್ದಿಲ್ಲದೆ ಹೋಗುತ್ತದೆ.

ಮೇಡಂ ಹಠ ಹಿಡಿದದ್ದು ಕೀಲಿಮಣೆಗೆ. ಟ್ಯಾಲಿಯಲ್ಲಿ ಪಳಗಿದವರು ಮೌಸ್ ಮುಟ್ಟುವುದೇ ಇಲ್ಲ. ಎಫ್-5 ಪಾವತಿ, ಎಫ್-6 ಜಮೆ, ಎಫ್-8 ಮಾರಾಟ, ಎಫ್-9 ಖರೀದಿ. ಬಲಗೈ ಅಂಕಿಗಳ ಗುಂಪಿನ ಮೇಲೆ, ಎಡಗೈ ಬಿಲ್ಲಿನ ಕಟ್ಟಿನ ಮೇಲೆ. ಅವರ ಕೋಣೆಯಲ್ಲಿದ್ದದ್ದು ಒತ್ತಿದರೆ ‘ಕಟಕ್’ ಎನ್ನುವ ಟಿ.ವಿ.ಎಸ್. ಗೋಲ್ಡ್ ಕೀಲಿಮಣೆ. ಪ್ರತಿ ಕೀಲಿಗೂ ಪ್ರತ್ಯೇಕ ಸ್ವಿಚ್ಚಿರುವ ಜಾತಿ. ಅಂಕಿಯ ಕೀಲಿಗಳಿಲ್ಲದ ಚಿಕ್ಕ ಲ್ಯಾಪ್‌ಟಾಪನ್ನು ತೋರಿಸಿ ಹುಡುಗ, “ಇದರಲ್ಲಿ ಬ್ಯಾಟರಿನೂ ಇದೆ ಮೇಡಂ, ಯು.ಪಿ.ಎಸ್. ಖರ್ಚು ಉಳಿಯುತ್ತೆ” ಎಂದ. ಮಾತು ಸುಳ್ಳಲ್ಲ. “ಆರು ವಾರ ಬಿಲ್ಲು ಕುಟ್ಟಿದ್ದು ಯಾರ ಕೈ, ನಿಂದೇನಪ್ಪ?” ಎಂದು ಮೇಡಂ ಕೇಳಿದ ಮೇಲೆ ಲ್ಯಾಪ್‌ಟಾಪ್ ಚೀಲ ಸೇರಿತು.

ಹಲಸೂರಿನಿಂದ ಮುಂದಕ್ಕೆ ಮೆಟ್ರೊ. ಮಹಾತ್ಮ ಗಾಂಧಿ ರಸ್ತೆಯಿಂದ ಬೈಯಪ್ಪನಹಳ್ಳಿಯವರೆಗಿನ ಈ ದಾರಿ 2011ರ ಅಕ್ಟೋಬರ್ 20ರಂದು ತೆರೆದದ್ದು. ಊರಿನ ಮೊದಲ ಮೆಟ್ರೊ ಇದೇ. ಇಂದಿರಾನಗರದ ನಿಲ್ದಾಣದಲ್ಲಿ ಇಳಿದರೆ ಸಿ.ಎಂ.ಎಚ್. ರಸ್ತೆ. ಈ ಹಳಿಯನ್ನು ಇಲ್ಲಿ ಹಾಯಿಸಬಾರದೆಂದು ಅಂದು ವ್ಯಾಪಾರಿಗಳು ಪ್ರತಿಭಟಿಸಿದ್ದರು.

ಶೋರೂಮಿನಲ್ಲಿ ವಿದ್ಯುತ್ತು ಚೆನ್ನ, ಧೂಳು ಇಲ್ಲ. ಇಲ್ಲಿನ ತೊಂದರೆ ಬೇರೆ. ಮೂವರು ಕುಳಿತು ಬಿಲ್ಲು ಮಾಡುತ್ತಾರೆ, ಖಾತೆ ಇರುವುದು ಒಂದೇ ಗಣಕದಲ್ಲಿ, ಉಳಿದೆರಡು ಅದನ್ನು ದೂರದಿಂದ ಓದುತ್ತವೆ. ಯಜಮಾನರ ಮಗಳು ವೈ-ಫೈ ಹಾಕಿಸಿದ್ದರು. ನಡುವೆ ಉಕ್ಕಿನ ಕಪಾಟುಗಳು, ಹಿತ್ತಾಳೆಯ ನಲ್ಲಿಗಳು, ಕನ್ನಡಿಗಳು. ರೇಡಿಯೊ ಅಲೆಗೆ ಲೋಹದ ಗೋಡೆಗಿಂತ ದೊಡ್ಡ ಶತ್ರುವಿಲ್ಲ. ಚೀಟಿಯನ್ನು ಬರೆದು ಉಳಿಸುವ ಗಳಿಗೆಯಲ್ಲಿ ಸಂಪರ್ಕ ತಪ್ಪಿದರೆ ಖಾತೆಯೇ ಕೆಡುವ ಭಯ. ಹಳೆಯ ಟ್ಯಾಲಿಯಲ್ಲಿ ಕಂಟ್ರೋಲ್, ಆಲ್ಟ್, ಆರ್ ಒತ್ತಿ ‘ರೀರೈಟ್’ ಮಾಡುತ್ತಾ ದೇವರನ್ನು ನೆನೆದವರಿಗೆ ಇದು ಗೊತ್ತು. ಮೂರೂ ಗಣಕಗಳಿಗೆ ಗೋಡೆಯಂಚಿನಲ್ಲಿ ತಂತಿ ಎಳೆಯುವುದೆಂದಾಯಿತು. ಮಗಳು ಮುಖ ಸಿಂಡರಿಸಿದರು, ಶೋರೂಮಿನ ಅಂದ ಹಾಳಾಗುತ್ತದಂತೆ. ಇನ್ನೊಂದು ವಿಷಯದಲ್ಲಿ ಗೆದ್ದದ್ದು ಅವರೇ. ಗಿರಾಕಿಗೆ ಕೊಡಲು ಸದ್ದಿಲ್ಲದ ಥರ್ಮಲ್ ಮುದ್ರಕ ಇಲ್ಲಿ ಉಳಿಯಿತು. ಅದರ ಕಾಗದಕ್ಕೆ ಶಾಯಿ ಬೇಡ, ಶಾಖ ತಾಗಿದ ಕಡೆ ಕಪ್ಪಾಗುತ್ತದೆ. ಬಿಸಿಲಿಗಿಟ್ಟರೆ ಬರಹ ಮಾಸಿಯೂ ಹೋಗುತ್ತದೆ. ಅಂಗಡಿಯ ಪ್ರತಿಗೆ ಅದನ್ನು ನಂಬುವಂತಿಲ್ಲ. ಶಿವಾಜಿನಗರದಲ್ಲಿ ಮಾತ್ರ ಕಾರ್ಬನ್ ಪ್ರತಿ ಕುಟ್ಟುವ ಡಾಟ್ ಮ್ಯಾಟ್ರಿಕ್ಸ್‌ಗೆ ಯಾರೂ ಕೈ ಹಚ್ಚಬಾರದೆಂದು ಯಜಮಾನರ ಕಟ್ಟಪ್ಪಣೆ. ಅದರಲ್ಲಿ ಕನ್ನಡದ ಬಿಲ್ಲು ಆಮೆವೇಗದಲ್ಲಿ ಬರುತ್ತದೆ ಎಂಬ ದೂರು ಇದ್ದೇ ಇದೆ. ಅಂಥ ಮುದ್ರಕದ ಸ್ವಂತ ನೆನಪಿನಲ್ಲಿರುವುದು ಇಂಗ್ಲಿಷ್ ಅಕ್ಷರಗಳು. ಕನ್ನಡದ ‘ಕ್ಷ’, ‘ಜ್ಞ’ಗಳನ್ನು ಚಿತ್ರದಂತೆ ಚುಕ್ಕಿ ಚುಕ್ಕಿಯಾಗಿ ಕಳಿಸಬೇಕು.

ಮತ್ತೆ ಮೆಟ್ರೊ. ಬೈಯಪ್ಪನಹಳ್ಳಿ ಬಂದಾಗ ಯಜಮಾನರು ಕಿಟಕಿಯತ್ತ ಕೈ ತೋರಿಸಿದರು. ಆ ಬದಿಯಲ್ಲಿ ಎನ್.ಜಿ.ಇ.ಎಫ್. ಇತ್ತು. ಟ್ರಾನ್ಸ್‌ಫಾರ್ಮರ್, ಮೋಟಾರುಗಳನ್ನು ಮಾಡುತ್ತಿದ್ದ ಸರ್ಕಾರಿ ಕಾರ್ಖಾನೆ. ಅವರ ತಂದೆ ಅಲ್ಲಿಗೂ ಸರಕು ಹಾಕುತ್ತಿದ್ದರು. ಈ ಶತಮಾನದ ಆರಂಭದಲ್ಲಿ ಅದು ಮುಚ್ಚಿತು. ಇನ್ನೂ ಮುಂದಕ್ಕೆ, ದೂರವಾಣಿನಗರದಲ್ಲಿ, 1948ರಲ್ಲಿ ಆರಂಭವಾದ ಐ.ಟಿ.ಐ.

ಬೈಯಪ್ಪನಹಳ್ಳಿಯಿಂದ ಕೆ.ಆರ್. ಪುರಕ್ಕೆ ಮೆಟ್ರೊ ಕೂಡಿಕೊಂಡದ್ದು 2023ರ ಅಕ್ಟೋಬರಿನಲ್ಲಿ. ಅಲ್ಲಿಯವರೆಗೆ ಟಿನ್ ಫ್ಯಾಕ್ಟರಿಯ ವಾಹನದಟ್ಟಣೆಯಲ್ಲಿ ಬೆವರದೆ ಈ ಕಡೆ ಬಂದವರಿಲ್ಲ. ಗೋದಾಮಿಗೆ ಕಾಲಿಟ್ಟೊಡನೆ ಹುಡುಗ ಕೆಮ್ಮಿದ. ಸಿಮೆಂಟು, ಪುಟ್ಟಿ ಚೀಲಗಳ ಧೂಳು, ಒಂದು ಮೂಲೆಯಲ್ಲಿ ಪೈಪು ಕತ್ತರಿಸುವ ಗರಗಸದಿಂದ ಹಾರುವ ಕಬ್ಬಿಣದ ಹುಡಿ. ಗಣಕದ ಪಂಖ ಇದೆಲ್ಲವನ್ನೂ ಒಳಗೆಳೆದುಕೊಳ್ಳುತ್ತದೆ. ಸಿಮೆಂಟು ತೇವ ಕುಡಿದು ಗಟ್ಟಿಯಾಗುತ್ತದೆ, ಕಬ್ಬಿಣದ ಹುಡಿ ವಿದ್ಯುತ್ತನ್ನು ಹರಿಸುತ್ತದೆ. ಯಾವುದು ಮೊದಲು ಕೊಲ್ಲುತ್ತದೆ ಎಂಬುದಷ್ಟೇ ಪ್ರಶ್ನೆ. ಇದು ಸಾಲದೆಂಬಂತೆ ಮಳೆಗಾಲ. 2022ರ ಆಗಸ್ಟ್–ಸೆಪ್ಟೆಂಬರಿನಲ್ಲಿ ಊರಿನ ಪೂರ್ವಭಾಗದ ಹಲವು ಬಡಾವಣೆಗಳು ಜಲಾವೃತವಾದದ್ದನ್ನು ದೇಶವೇ ನೋಡಿತು. ಈ ಗೋದಾಮಿನ ಗೋಡೆಯ ಮೇಲೂ ಮೊಳಕಾಲೆತ್ತರದಲ್ಲಿ ಒಂದು ಕಂದು ಗೆರೆ ಇದೆ. ಹಳೆಯ ಗಣಕ ಕೂತಿದ್ದು ನೆಲದ ಮೇಲೆ, ಮೇಜಿನ ಕೆಳಗೆ.

ಇಲ್ಲಿಗೆ ಹೊಸ ಯಂತ್ರ ದಂಡ. ಬಂದ ಸರಕು, ಹೋದ ಸರಕು ಗುರುತುಹಾಕಲು ಸೆಕೆಂಡ್‌ಹ್ಯಾಂಡ್ ಸಾಕು. ದೊಡ್ಡ ಕಂಪೆನಿಗಳು ಕೆಲವು ವರ್ಷ ಬಳಸಿ ವಿಲೇವಾರಿ ಮಾಡಿದ ಗಣಕಗಳನ್ನು ಒರೆಸಿ, ಪರೀಕ್ಷಿಸಿ ಮಾರುವವರು ಊರಿನಲ್ಲಿ ಬೇಕಾದಷ್ಟಿದ್ದಾರೆ. ಹುಡುಗ ಹೇಳಿದ ಯಂತ್ರದ ಬೆಲೆ ಬಲು ಅಗ್ಗ. ಇಂಟೆಲ್‌ನ ಆರನೆಯ ತಲೆಮಾರಿನದು. ಇಲ್ಲಿಯೇ ನೋಡಿಕೊಳ್ಳಬೇಕು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ರಂದು ಸಾಮಾನ್ಯ ಬೆಂಬಲ ನಿಲ್ಲಿಸಿತು. ವಿಂಡೋಸ್ 11 ಬೇಕೆಂದರೆ, ಬೆರಳೆಣಿಕೆಯ ಅಪವಾದ ಬಿಟ್ಟರೆ, ಎಂಟನೆಯ ತಲೆಮಾರು ಅಥವಾ ಆಮೇಲಿನದೇ ಆಗಬೇಕು, ಟಿ.ಪಿ.ಎಂ. 2.0 ಎಂಬ ಭದ್ರತಾ ವ್ಯವಸ್ಥೆಯೂ ಇರಬೇಕು. ಅಗ್ಗದ್ದು ಅಗ್ಗವಾಗಿರುವುದಕ್ಕೆ ಕಾರಣ ಇದೇ. ಒಂದಿಷ್ಟು ಹೆಚ್ಚು ಕೊಟ್ಟು ಎಂಟನೆಯ ತಲೆಮಾರಿನದನ್ನೇ ಒಪ್ಪಿದರು. ಹಳೆಯ ಡಿಸ್ಕ್ ಕಿತ್ತು ಹೊಸ ಎಸ್.ಎಸ್.ಡಿ. ಹಾಕಬೇಕು ಎಂಬ ಷರತ್ತಿನ ಮೇಲೆ. ಅದು ಕೂರುವುದು ಎದೆಯೆತ್ತರದ ಗೋಡೆಹಲಗೆಯ ಮೇಲೆ, ಗಾಜಿನ ಬಾಗಿಲ ಪುಟ್ಟ ಕೋಣೆಯಲ್ಲಿ. ಗರಗಸ ಹೊರಗಿನ ಚಪ್ಪರಕ್ಕೆ.

ಮಾತು ಮುಗಿಯುವಷ್ಟರಲ್ಲಿ ಕರೆಂಟು ಹೋಯಿತು. ಯಾರಿಗೂ ಆಶ್ಚರ್ಯವಾಗಲಿಲ್ಲ. ಯು.ಪಿ.ಎಸ್. ಕೀ ಕೀ ಎಂದು ಕೂಗತೊಡಗಿತು, ಎರಡೇ ನಿಮಿಷಕ್ಕೆ ಬಾಯಿ ಮುಚ್ಚಿತು. ಅಂಗಡಿಯವರು ಹೇಳುವ ‘600’ ಎಂಬುದು ವಾಟ್ ಅಲ್ಲ, ವಿ.ಎ. ಇಂಥ ಅಗ್ಗದ ಯು.ಪಿ.ಎಸ್.ಗಳಲ್ಲಿ ಅದನ್ನು 0.6ರಿಂದ ಗುಣಿಸಿದರೆ ನಿಜವಾದ 360 ವಾಟ್ ಸಿಗುತ್ತದೆ. ಒಳಗಿರುವುದು 12 ವೋಲ್ಟ್, 7 ಆಂಪಿಯರ್-ಗಂಟೆಯ ಪುಟ್ಟ ಬ್ಯಾಟರಿ, ಎಂದರೆ 84 ವಾಟ್-ಗಂಟೆ. ಗಣಕ, ಪರದೆ ಸೇರಿ 120 ವಾಟ್ ಎಳೆದರೆ ಕಾಗದದ ಮೇಲೆ 42 ನಿಮಿಷ. ಬೇಗ ಬೇಗ ಹೀರಿದರೆ ಸೀಸದ ಬ್ಯಾಟರಿ ಪೂರ್ತಿ ಕೊಡುವುದಿಲ್ಲವಾದ್ದರಿಂದ ನಿಜದಲ್ಲಿ ಹದಿನೈದಿಪ್ಪತ್ತು ನಿಮಿಷ. ಎರಡು ಮೂರು ವರ್ಷ ಕಳೆದರೆ ಈಗ ಆದಂತೆ. ಬರೆಯುತ್ತಿದ್ದ ಚೀಟಿಯನ್ನು ಉಳಿಸಿ, ಗಣಕವನ್ನು ಕ್ರಮವಾಗಿ ಮುಚ್ಚಲು ಐದು ನಿಮಿಷ ಸಾಕು, ಆದರೆ ಆ ಐದು ನಿಮಿಷ ಖಾತ್ರಿಯಾಗಿ ಸಿಗಬೇಕು. ಬ್ಯಾಟರಿ ಬದಲಿಸುವ ತಾರೀಕನ್ನು ಯು.ಪಿ.ಎಸ್. ಮೈಮೇಲೆಯೇ ಬಣ್ಣದಲ್ಲಿ ಬರೆಯುವುದೆಂದಾಯಿತು. ಬಣ್ಣಕ್ಕೇನು ಬರವೇ? ಶೋರೂಮಿನ ಲೇಸರ್ ಮುದ್ರಕವನ್ನು ಮಾತ್ರ ಯಾವ ಯು.ಪಿ.ಎಸ್.ಗೂ ಚುಚ್ಚಬಾರದು. ಮಸಿಯನ್ನು ಕಾಗದಕ್ಕೆ ಬೆಸೆಯುವ ಅದರ ಉರುಳೆಯನ್ನು ಕಾಯಿಸಲು ಕ್ಷಣಮಾತ್ರದಲ್ಲಿ ನೂರಾರು ವಾಟ್ ಬೇಕು.

ಸಂಜೆ ವಾಪಸು ಬರುವಾಗ ಚೀಟಿ ತುಂಬಿತ್ತು. ಅದರಲ್ಲಿ ಗಣಕಯಂತ್ರ ಎಂಬ ಪದ ಬಂದದ್ದು ಎರಡು ಕಡೆ. ಉಳಿದದ್ದೆಲ್ಲ ಅರ್ತ್ ತಂತಿ, ಹಲಗೆ, ಕೇಬಲ್, ಬ್ಯಾಟರಿ, ಪೆನ್‌ಡ್ರೈವ್, ಕೀಲಿಮಣೆ. ಹುಡುಗನಿಗೆ ತುಸು ನಿರಾಸೆಯಾದಂತಿತ್ತು.

ಏಪ್ರಿಲ್ 1ರಂದು ಹೊಸ ಪುಸ್ತಕ ಹೊಸ ಯಂತ್ರದಲ್ಲಿ ಶುರುವಾಯಿತು. ಮಧ್ಯಾಹ್ನದ ಹೊತ್ತಿಗೆ ಫ್ರೇಜರ್‌ಟೌನ್ ಕಡೆ ಕೆಲಸ ಮಾಡುವ ಒಬ್ಬ ಮೇಸ್ತ್ರಿ ಬಂದು ಗಲ್ಲಾದ ಎದುರು ನಿಂತ. ಕಳೆದುಹೋದ ತಿಂಗಳುಗಳ ಉದ್ರಿಯವನು.

“ಬಾಕಿ ಎಷ್ಟಿದೆ ಸಾಹುಕಾರ್ರೆ?”

ಯಜಮಾನರು ಮೇಡಂ ಕಡೆ ನೋಡಿದರು. ಮೇಡಂ ಎಫ್-6 ಒತ್ತಿ, “ನೀವೇ ಹೇಳಬೇಕು ಮೇಸ್ತ್ರಿ” ಎಂದರು. ಆತ ಅಂಗಿಯ ಜೇಬಿನಿಂದ, ಬೆವರಿಗೆ ಮೆತ್ತಗಾದ, ರಬ್ಬರ್ ಬ್ಯಾಂಡ್ ಸುತ್ತಿದ ಒಂದು ಪುಟ್ಟ ಡೈರಿ ತೆಗೆದು, ನವೆಂಬರ್ ತಿಂಗಳ ಪುಟ ಹುಡುಕತೊಡಗಿದ.